ಕ್ರ್ಯಾಬ್‌ಟ್ರೀ ಎಂದು ಕೂಗಿದರೆ

ನಮ್ಮ ಸ್ಕಾರ್‌ಬೆಕ್ ಊರಿನ ಗಡಿಯನ್ನು ವರ್ಷಕ್ಕೊಮ್ಮೆ ಎಲ್ಲರೂ ಸೇರಿ ನಡೆದು ಸುತ್ತುವ ದಿನ ನಾಲ್ಕು ಹನಿಯಾದರೂ ಬೀಳದೆ ಹೋದದ್ದನ್ನು ನಾನು ಕಂಡಿಲ್ಲ. ಈ ಸಲ ಬಂದದ್ದು ಮಾತ್ರ ಹನಿಯಲ್ಲ. ಆರನೆಯ ಗುರುತಿನ ಕಲ್ಲನ್ನು ಕೋಲಿನಿಂದ ಬಡಿದು, ಅಲ್ಲಿಯ ಮನೆತನದ ಹೆಸರನ್ನು ಕೂಗಿ, 'ಇಲ್ಲೇ ಇದ್ದೀವಿ' ಎಂಬ ಉತ್ತರ ಕೇಳಿಸಿಕೊಂಡು ನಾವು ಏರು ಹತ್ತತೊಡಗಿದ್ದೆವಷ್ಟೇ; ಮೇಲಿನ ಬಯಲೇ ಕಾಣದಂತೆ ಮಳೆ ಹಿಡಿಯಿತು. ಹದಿನೇಳು ಜನವೂ ಕುರಿ ಕೂಡುವ ಹಳೆಯ ಕಲ್ಲುಕೊಟ್ಟಿಗೆಯೊಳಕ್ಕೆ ನುಗ್ಗಿದೆವು. ಹಗಲು ಹನ್ನೆರಡು ಗಂಟೆ. ಒಳಗೆ ಒದ್ದೆ ಉಣ್ಣೆಯ ವಾಸನೆ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ.

ಪಾದ್ರಿ ಫಿಲಿಪಾ ಶುಂಠಿ ಕೇಕಿನ ಡಬ್ಬಿ ಬಿಚ್ಚಿದಳು. ಎಂಬತ್ನಾಲ್ಕು ವರ್ಷದ ಹೆಟ್ಟಿ ಆಕ್ರಾಯ್ಡ್ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು, ಗಡಿಪುಸ್ತಕವನ್ನು ಕೋಟಿನೊಳಗೆ ತುರುಕಿಕೊಂಡಳು. ಚರ್ಚಿನ ಗುಮಾಸ್ತಿಕೆ ಅವಳದು, ಅರವತ್ತನಾಲ್ಕು ವರ್ಷದಿಂದ. ಪ್ರತಿ ಗುರುತಿನಲ್ಲಿ ಹೆಸರು ಕೂಗುವವಳೂ ಅವಳೇ. ಏಳನೆಯ ಗುರುತು ಒಂದನ್ನು ಬಿಟ್ಟು. ಅಲ್ಲಿರುವುದು ಕಲ್ಲಲ್ಲ, ಒಂದು ಹುಳಿಸೇಬಿನ ಮರ. ಅದರ ಮುಂದೆ ಅವಳು ತುಟಿ ಬಿಗಿದು ನಡೆದುಬಿಡುತ್ತಾಳೆ. ಯಾಕೆಂದು ಕೇಳುವ ಧೈರ್ಯ ಈ ಊರಿಗೆ ಬಂದ ಆರು ವರ್ಷಗಳಲ್ಲಿ ನನಗೆ ಬಂದಿರಲಿಲ್ಲ.

ಅಂದು ಬೆಳಿಗ್ಗೆಯಿಂದ ಅವಳಿಗೆ ಸಿಟ್ಟು. ಹತ್ತು ಗಂಟೆಗೆ ಚರ್ಚಿನ ಬಾಗಿಲಲ್ಲಿ ಫಿಲಿಪಾ ಹಾಜರಿ ಹಾಕುತ್ತಿದ್ದಳು. ವಿಮೆಯವರು ಕೇಳುತ್ತಾರಂತೆ, ಗುಡ್ಡ ಹತ್ತಿದವರೆಷ್ಟು, ಇಳಿದವರೆಷ್ಟು ಎಂದು. ಅಷ್ಟರಲ್ಲಿ ಟ್ಯಾಕ್ಸಿಯಿಂದ ಕುಂಟುತ್ತ ಇಳಿದವನು ಡೆನಿಸ್ ಕ್ರ್ಯಾಬ್‌ಟ್ರೀ. ಬ್ರಾಡ್‌ಫರ್ಡಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ಎಂಟು ವರ್ಷದಿಂದ ಈ ನಡಿಗೆಗೆ ತಪ್ಪದೆ ಬರುವವನು. "ನನ್ನದು ಮಾತ್ರ ಹಳೇ ಕ್ರಮದಲ್ಲಿ ಕೂಗಿ ಪಾದ್ರಿಯಮ್ಮ, ಬರೀ ಮನೆತನದ ಹೆಸರು" ಎಂದ. ಫಿಲಿಪಾ ನಕ್ಕು "ಕ್ರ್ಯಾಬ್‌ಟ್ರೀ" ಎಂದು ಕೂಗಿದಳು. ಅವನು ಟೋಪಿ ತೆಗೆದು, ಬೀದಿಗೆಲ್ಲ ಕೇಳುವಂತೆ "ಇಲ್ಲೇ ಇದ್ದೀನಿ" ಎಂದ. ಗೋಡೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ ಹೆಟ್ಟಿಯ ಕೈಯಿಂದ ಬಟ್ಟಲು ಕಳಚಿ ಬಿತ್ತು. ಆಮೇಲೆ ಆರೂ ಗುರುತುಗಳಲ್ಲಿ ಅವಳು ಹೆಸರು ಕೂಗಿದ ರೀತಿ ಬೈಗುಳದ ಹಾಗಿತ್ತು.

ಕೊಟ್ಟಿಗೆಯ ಬಾಗಿಲ ಪಕ್ಕ ಕೂತ ಡೆನಿಸ್ ತನ್ನ ಪ್ಲಾಸ್ಟಿಕ್ ಚೀಲದಿಂದ ಒಂದು ಬಣ್ಣದ ಹಾಳೆ ತೆಗೆದ. ಅದರಲ್ಲಿ ಗುರಾಣಿ, ಸಿಂಹ, ಕುದುರೆಯ ಮೇಲೊಬ್ಬ ಸರದಾರ.

"ಮುಂದಿನದು ನಮ್ಮ ಮರ ತಾನೇ ಹೆಟ್ಟಿ? ಇವತ್ತಾದರೂ ನಮ್ಮ ಹೆಸರು ಕೂಗಿಬಿಡಿ. ಸಮುದ್ರ ದಾಟಿ ರಾಜನ ಜೊತೆ ಬಂದ ವಂಶ ನಮ್ಮದು. ಇಂಟರ್ನೆಟ್ಟಿನಲ್ಲೇ ಇದೆ."

ಹೆಟ್ಟಿ ಹಾಳೆಯನ್ನು ನೋಡಲಿಲ್ಲ, ಅವನ ಕಾಲನ್ನು ನೋಡಿದಳು. "ಮಂಡಿ ಆಪರೇಷನ್ನು, ಈ ವರ್ಷ ಬರೋಕಾಗಲ್ಲ ಅಂತ ಕಾಗದ ಬರೆದಿದ್ದೆಯಲ್ಲೋ."

"ಮುಂದಕ್ಕೆ ಹಾಕಿದರು. ನಿಮಗೆ ಖುಷಿ ಆಗಲಿ ಅಂತ ಹೇಳದೇ ಬಂದೆ."

"ಖುಷಿ" ಎಂದಳು ಹೆಟ್ಟಿ. ಕಣ್ಣು ಮುಚ್ಚಿ, ತೆರೆದಳು. ಮಳೆ ಹೆಂಚಿನ ಮೇಲೆ ಜೋರಾಯಿತು. ಕೊನೆಗೆ ಅವಳೇ ಬಾಯಿಬಿಟ್ಟಳು.

"ಸರಿ, ಕೇಳಿ. ಬಾಗಿಲು ಎಳಕೊಳ್ಳಿ ಯಾರಾದರೂ. ಡೆನಿಸ್, ನೀನು ಈ ಕಡೆ ಬಂದು ಕೂರು... ಇಲ್ಲ, ನನ್ನ ಕಡೆ ಮುಖ ಮಾಡಿ ಕೂರು. ಎಂಟು ವರ್ಷದಿಂದ ಮನೆಗೆ ಹೋಗಪ್ಪಾ, ಮನೆಗೆ ಹೋಗಪ್ಪಾ ಅಂತ ಬಡಕೊಂಡೆ, ನೀನು ಕೇಳಿದೆಯಾ? ಈಗ ಕೇಳು.

"ಸರದಾರ ಅಂತೆ, ಸಿಂಹ ಅಂತೆ. ಮಣ್ಣಂಗಟ್ಟಿ. ಹಿಂದೆ ಈ ಊರಲ್ಲಿ ಇದ್ದ ಗಂಡಸರಲ್ಲಿ ಅರ್ಧ ಜನ ಜಾನ್‌ಗಳು. ಮನೆತನದ ಹೆಸರು ಅಂತ ಯಾರಿಗಿತ್ತು? ಗಿರಣಿ ಹತ್ತಿರದ ಜಾನ್, ಕಮ್ಮಾರ ಜಾನ್, ಹಳ್ಳದಾಚೆ ಜಾನ್... ಹಾಗೇ ಗುರುತು ಹಿಡಕೊಂಡು ಕರೀತಿದ್ದರು, ಅದೇ ಮಕ್ಕಳಿಗೆ ಅಂಟಿಕೊಳ್ತು. ಹುಳಿಸೇಬಿನ ಮರದ ಹತ್ತಿರ ಇದ್ದವನಿಗೆ ಹುಳಿಸೇಬಿನ ಮರ ಅಂತ. ಕ್ರ್ಯಾಬ್‌ಟ್ರೀ ಅಂದರೆ ಅಷ್ಟೇ. ಆದರೆ ಆ ಮರ ಗಡಿ ಮರ. ಅದಕ್ಕೆ ಕಾವಲು ಬೇಕಿತ್ತು, ಪಕ್ಕದ ಊರವರು ಬಂದು ಕಡಿದು ಹಾಕಿದರೆ ಗುಡ್ಡದ ಹುಲ್ಲೆಲ್ಲ ಅವರ ಪಾಲು. ಅದಕ್ಕೆ ಒಬ್ಬ ಜಾನ್‌ನ ಅಲ್ಲಿ ಕೂರಿಸಿ, ವರ್ಷಕ್ಕೊಂದು ಸಲ ಊರವರು ಬಂದು ಕೂಗಿದಾಗ ಇಲ್ಲೇ ಇದ್ದೀನಿ ಅಂತ ಹೇಳಬೇಕು ಅಂದರು. ಪುಸ್ತಕದ ಹಳೇ ಹಾಳೆಗಳಲ್ಲಿ ಇದೆಲ್ಲ ಇದೆ, ನಾನು ಕಟ್ಟಿದ ಮಾತಲ್ಲ. ಅವನಿಗೆ ಹೆಸರು ಸಿಕ್ಕಿತು ಅಂತ ನೀನಂತೀಯ. ಮರಕ್ಕೆ ಆಳು ಸಿಕ್ಕಿದ ಅಂತ ನಾನಂತೀನಿ.

"ಇನ್ನೊಂದು ವಿಷಯ. ಆ ಮನೇಲಿ ಹುಟ್ಟಿದ ಗಂಡು ಮಕ್ಕಳು ಒಬ್ಬರಾದರೂ ಅಲ್ಲಿ ನಿಂತರೇನು? ಬ್ರಾಡ್‌ಫರ್ಡಿನ ಗಿರಣಿಗೆ, ಹಡಗಿಗೆ, ಕೆನಡಾಕ್ಕೆ... ನಿಮ್ಮ ಮುತ್ತಾತನೂ ಓಡಿದವನೇ, ಡೆನಿಸ್. ಬುದ್ಧಿವಂತ. ತಿರುಗಿ ಈ ಕಡೆ ತಲೆ ಹಾಕಲಿಲ್ಲ. ದೇಶದ ತುಂಬ ನೀವಿಷ್ಟು ಜನ ಇದ್ದೀರಲ್ಲ, ಎಲ್ಲ ಓಡಿದವರ ಮಕ್ಕಳು. ಉಳಿದದ್ದು ಹೆಣ್ಣು ಮಕ್ಕಳು. ಅದಕ್ಕೆ ಆ ಮನೇಲಿ ಒಂದು ಕ್ರಮ. ಮಗಳನ್ನ ಕಟ್ಟಿಕೊಂಡವನಿಗೆ ಹೊಲ, ಮನೆ, ಕುರಿ ಎಲ್ಲ... ಆದರೆ ಅವನು ತನ್ನ ಹೆಸರು ಬಿಟ್ಟು ಮಾವನ ಹೆಸರು ಇಟ್ಟುಕೊಳ್ಳಬೇಕು. ವಕೀಲರ ಮುಂದೆ ರುಜು ಹಾಕಬೇಕು. ಆಮೇಲೆ ಮೂರು ವರ್ಷದೊಳಗೆ, ಊರವರ ಎದುರಿಗೆ, ಮರದ ಹತ್ತಿರ, ಆ ಹೆಸರಿಗೆ ಬಾಯಿಬಿಟ್ಟು ಉತ್ತರ ಕೊಡಬೇಕು. ಕೊಡದಿದ್ದರೆ ಹೊಲ ಚರ್ಚಿಗೆ.

"ನನಗಾಗ ಇಪ್ಪತ್ತು. ಅಪ್ಪನಿಗೆ ಲಕ್ವ ಹೊಡೆದು ಪುಸ್ತಕ ನನ್ನ ಕೈಗೆ ಬಂದಿತ್ತು. ಆ ವರ್ಷವೇ ಮುದುಕ ಏಮಸ್ ಕ್ರ್ಯಾಬ್‌ಟ್ರೀ ಸತ್ತ. ಅವನ ಮಗಳು ರೂತ್ ನನ್ನ ಗೆಳತಿ, ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಅವಳನ್ನ ಕಟ್ಟಿಕೊಂಡವನು ವಿಲ್ಫ್ರೆಡ್ ಲಂಬ್. ಕಲ್ಲುಗೋಡೆ ಕಟ್ಟುತ್ತಿದ್ದ. ಅವನಪ್ಪ, ಅಣ್ಣ ಇಬ್ಬರೂ ಕಲ್ಲಿನ ಕ್ವಾರಿ ಕುಸಿದು ಹೋಗಿದ್ದರು. ಲಂಬ್ ಅನ್ನೋ ಹೆಸರಿಗೆ ಈ ಕಣಿವೇಲಿ ಅವನೊಬ್ಬನೇ ಉಳಿದಿದ್ದ. ಅದನ್ನ ಬಿಟ್ಟುಕೊಡೋಕೆ ಅವನಿಗೆಷ್ಟು ಸಂಕಟ ಆಗಿತ್ತು ಅಂತ ನಿಮಗೆ ಹೇಗೆ ಹೇಳಲಿ... ರುಜು ಹಾಕಿ ಹೊರಗೆ ಬಂದವನು ವಕೀಲರ ಮೆಟ್ಟಿಲ ಮೇಲೆ ಕೂತುಬಿಟ್ಟ. 'ಅಪ್ಪನ್ನ ಎರಡನೇ ಸಲ ಹೂತ ಹಾಗಾಯ್ತು ಹೆಟ್ಟಿ' ಅಂದ. ಆದರೂ ರೂತ್ ಅಂದರೆ ಅವನಿಗೆ ಪ್ರಾಣ.

"ಮೊದಲನೇ ವರ್ಷ. ಇದೇ ನಡಿಗೆಯ ಸೋಮವಾರ, ಒಳ್ಳೇ ಬಿಸಿಲು, ಮರದ ತುಂಬ ಹೂವು. ನಲವತ್ತು ಜನ ಇದ್ದೆವು. ನಾನು ಪುಸ್ತಕ ಬಿಚ್ಚಿ 'ಕ್ರ್ಯಾಬ್‌ಟ್ರೀ' ಅಂತ ಕೂಗಿದೆ. ವಿಲ್ಫ್ ಬಾಯಿ ತೆರೆದ. ಅವನ ಗಂಟಲಿಂದ ಗಾಳಿ ಹೊರಡೋದರೊಳಗೆ ಮರದ ಹಿಂದಿನಿಂದ ಬಂತು... 'ಇಲ್ಲೇ ಇದ್ದೀನಿ.'

"ಗಂಡಸಿನ ದನಿ. ಮುದಿ ದನಿ. ಹಿಂದೆ ಹೋಗಿ ನೋಡಿದರೆ ಯಾರಿದ್ದಾರೆ? ಹುಲ್ಲು ಕೂಡ ಅಲ್ಲಾಡಿರಲಿಲ್ಲ. ಊರವರು ನಕ್ಕರು. ಯಾರೋ ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡರು. 'ಏನೋ ವಿಲ್ಫ್, ನಿನಗಿಂತ ಮರಾನೇ ಚುರುಕಾಗಿದೆಯಲ್ಲೋ' ಅಂತ ಹೋಟೆಲಿನ ಟೆಡ್ ಅಂದ. ನಾನು ನಗಲಿಲ್ಲ, ಹೆದರಲೂ ಇಲ್ಲ. ನನಗೆ ಬಂದದ್ದು ಕೋಪ. ಮೊದಲನೇ ಸಲ ಪುಸ್ತಕ ಹಿಡಿದಿದ್ದೀನಿ, ಎಲ್ಲ ಸರಿಯಾಗಿ ಆಗಬೇಕು ಅಂತ ನನಗೆ. ಉತ್ತರ ಬಂತು ಅಂತ ಬರಕೊಂಡು ನಡೆದೆ.

"ಎರಡನೇ ವರ್ಷವೂ ಹಾಗೇ. ಈ ಸಲ ವಿಲ್ಫ್ ತಯಾರಾಗಿ ಬಂದಿದ್ದ, ನಾನು ಪೂರ್ತಿ ಕೂಗೋ ಮೊದಲೇ ಹೇಳಿಬಿಡ್ತೀನಿ ಅಂತ. ಆಗಲಿಲ್ಲ. ಹೆಸರು ಅರ್ಧ ಬಾಯಲ್ಲಿದ್ದ ಹಾಗೇ ಮರದ ಹಿಂದಿನಿಂದ ಉತ್ತರ ಬಂತು. ಕಿವಿಗೊಟ್ಟು ಕೇಳಿದೆ. ಒಬ್ಬನ ದನಿ ಅಲ್ಲ. ಇಬ್ಬರು, ಮೂವರು... ಒಟ್ಟಿಗೆ, ಅವಸರ ಅವಸರವಾಗಿ. ರೂತ್ ನನ್ನ ತೋಳು ಹಿಡಕೊಂಡಳು. 'ಅದರಲ್ಲೊಂದು ಅಪ್ಪಂದು ಕಣೇ' ಅಂದಳು.

"ಇನ್ನು ಒಂದೇ ವರ್ಷ. ವಿಲ್ಫ್ ತನ್ನ ಬಾಯಿಂದಲೇ ಉತ್ತರ ಕೊಡದಿದ್ದರೆ ರೂತ್ ಮನೆ ಬಿಡಬೇಕು, ಚಳಿಗಾಲದ ಹೊತ್ತಿಗೆ ಬಸುರಿ ಬೇರೆ. ನಾನೇನು ಮಾಡಿದೆ? ಚರ್ಚಿನ ಪೆಟ್ಟಿಗೆಯಿಂದ ಹುಟ್ಟಿದವರ, ಸತ್ತವರ ದಾಖಲೆ ಎಲ್ಲ ತೆಗೆದು ಚಳಿಗಾಲವಿಡೀ ಓದಿದೆ. ಏಮಸ್ ಹುಟ್ಟಾ ಕ್ರ್ಯಾಬ್‌ಟ್ರೀ ಅಲ್ಲ. ಅವನು ಗ್ರೀನ್‌ವುಡ್. ಅವನ ಮಾವ ಜೋಬ್ ಇದ್ದನಲ್ಲ, ಅವನು ಅಟ್ಲಿ. ಜೋಬ್‌ನ ಮಾವ ಸೈಲಸ್, ಅವನು ಸಂಡರ್‌ಲ್ಯಾಂಡ್. ಮೂವರೂ ಅಳಿಯಂದಿರು. ಮೂವರ ಗೋರಿ ಮೇಲೂ ಕ್ರ್ಯಾಬ್‌ಟ್ರೀ ಅಂತ ಕೆತ್ತಿದೆ. ಆಗ ನನಗೆ ಹೊಳೀತು ನೋಡಿ... ಪಾಪ, ಅವರನ್ನ ಅವರ ಹೆಸರು ಹಿಡಿದು ಕರೆದವರೇ ಇಲ್ಲ. ಅದಕ್ಕೇ ಅಲ್ಲಿಂದ ಅವರು ಏಳೋಕಾಗ್ತಿಲ್ಲ. ಕರೆದರೆ ಹೋಗ್ತಾರೆ. ಎಷ್ಟು ಜಾಣೆ ನಾನು ಅಂತ ಅವತ್ತು ನನಗೆ ನಿದ್ದೆಯೇ ಬರಲಿಲ್ಲ.

"ಮೂರನೇ ವರ್ಷ ಮರದ ಮುಂದೆ ನಿಂತು, ಪುಸ್ತಕ ಮುಚ್ಚಿಕೊಂಡು, ಮೊದಲು 'ಸೈಲಸ್ ಸಂಡರ್‌ಲ್ಯಾಂಡ್' ಅಂತ ಕೂಗಿದೆ. ಆಮೇಲೆ ಮೆಲ್ಲಗೆ, ಯಾರೋ ದೊಡ್ಡ ಹೊರೆ ಇಳಿಸಿ ಉಸಿರು ಬಿಟ್ಟ ಹಾಗೆ, 'ಇಲ್ಲೇ ಇದ್ದೀನಿ.' ಅಷ್ಟೇ. ಹೋದ. ಹೋದದ್ದು ನನಗೆ ಗೊತ್ತಾಯ್ತು. ಹೇಗೆ ಅಂತ ಕೇಳಬೇಡಿ. 'ಜೋಬ್ ಅಟ್ಲಿ' ಅಂದೆ. ಅವನೂ ಹೋದ. 'ಏಮಸ್ ಗ್ರೀನ್‌ವುಡ್' ಅಂದಾಗ ಮಾತ್ರ ತಡ ಆಯ್ತು. ನಾನು ಎರಡು ಸಲ ಕೂಗಬೇಕಾಯ್ತು. ಅವನಿಗೆ ಹೋಗೋಕೆ ಮನಸ್ಸಿರಲಿಲ್ಲ. ಮನಸ್ಸಿಲ್ಲದೇ ಉತ್ತರ ಕೊಟ್ಟ. ಯಾಕೆ ಮನಸ್ಸಿರಲಿಲ್ಲ ಅಂತ ಒಂದು ಕ್ಷಣ ನಿಂತು ಯೋಚನೆ ಮಾಡಬಾರದಿತ್ತಾ ನಾನು? ಮಾಡಲಿಲ್ಲ. ಇಪ್ಪತ್ತೆರಡು ವರ್ಷ, ತಲೇಲಿ ಪುಸ್ತಕದ ಧೂಳು.

"ಆಮೇಲೆ ಪುಸ್ತಕ ಬಿಚ್ಚಿ 'ಕ್ರ್ಯಾಬ್‌ಟ್ರೀ' ಅಂತ ಕೂಗಿದೆ. ಮರದ ಹಿಂದೆ ಸದ್ದಿಲ್ಲ. ವಿಲ್ಫ್ ಎದೆ ಸೆಟೆಸಿ, 'ಇಲ್ಲೇ ಇದ್ದೀನಿ' ಅಂದ. ಜನ ಚಪ್ಪಾಳೆ ತಟ್ಟಿದರು. ರೂತ್ ಅತ್ತಳು, ನಾನೂ ಅತ್ತೆ. ಟೆಡ್ ಎಲ್ಲರಿಗೂ ಬಿಯರ್ ಕೊಡಿಸಿದ."

ಹೆಟ್ಟಿ ನಿಲ್ಲಿಸಿ, ಫಿಲಿಪಾ ಕೊಟ್ಟ ಕೇಕನ್ನು ಬೇಡವೆಂದು ತಳ್ಳಿದಳು. ಡೆನಿಸ್ ಬಾಗಿಲ ಕಡೆ ತಿರುಗಿ ನೋಡಿ, ಮತ್ತೆ ಅವಳ ಕಡೆ ತಿರುಗಿದ. ಅವಳು ಅದನ್ನು ಗಮನಿಸಿದಳು.

"ಆ ದಿನ ಮಧ್ಯಾಹ್ನವೇ ಶುರುವಾಯ್ತು. ವಿಲ್ಫ್ ಮಾತಾಡ್ತಾ ಇದ್ದವನು ತಟ್ಟನೆ ತಲೆ ತಿರುಗಿಸೋನು, ಯಾರೋ ಕರೆದ ಹಾಗೆ. 'ಏನೋ' ಅಂದರೆ, 'ಯಾರೂ ಕರೀಲಿಲ್ವಾ?' ಅನ್ನೋನು. ಮೊದಮೊದಲು ದಿನಕ್ಕೊಂದು ಸಲ. ಬೇಸಿಗೆ ಮುಗಿಯೋ ಹೊತ್ತಿಗೆ ಊಟದ ತಟ್ಟೆ ಮುಂದಿಂದ ಎದ್ದು ಗುಡ್ಡ ಹತ್ತೋಕೆ ಶುರು ಮಾಡಿದ. ಮರದ ಹತ್ತಿರ ಹೋಗಿ ನಿಲ್ಲೋದು, ಬರೋದು. ಗೋಡೆ ಕಟ್ಟೋ ಕೆಲಸ ಅರ್ಧಕ್ಕೇ ಬಿಟ್ಟ. ಆ ಅರ್ಧ ಗೋಡೆ ಇವತ್ತಿಗೂ ಇದೆ, ಬರುವಾಗ ನೀವೆಲ್ಲ ಹತ್ತಿ ದಾಟಿದಿರಲ್ಲ, ಅದೇ. ಡಾಕ್ಟರು ಕಿವೀಲಿ ಏನೂ ಇಲ್ಲ ಅಂದರು. ಫೆಬ್ರವರೀಲಿ, ಮಗು ಹುಟ್ಟಿ ಐದು ತಿಂಗಳಾಗಿತ್ತು, ಹಿಮ ಬೀಳ್ತಿತ್ತು, ರೂತ್ ತೊಟ್ಟಿಲು ತೂಗ್ತಾ ಇದ್ದಳು. ಎದುರಿಗೆ ಕೂತಿದ್ದವನು ಬೂಟು ಕೂಡ ಹಾಕದೇ ಎದ್ದು ಹೋದ. ಮಾರನೇ ದಿನ ಸಿಕ್ಕಿದ, ಮರಕ್ಕೆ ಒರಗಿ ಕೂತಿದ್ದ. ಬಾಯಿ ತೆರೆದಿತ್ತು... ಉತ್ತರ ಕೊಡೋನ ಬಾಯಿ.

"ರೂತ್ ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೂತು ಬಂದ ಮೇಲೆ ಅಡುಗೆಮನೇಲಿ ಕೂತು ಹೇಳಿದಳು: 'ಅಪ್ಪ ಮುಂಚೆ ಉತ್ತರ ಕೊಡ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಾ ಹೆಟ್ಟಿ? ಬದುಕಿದ್ದಾಗ ಅವನಿಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ನನ್ನ ಗಂಡನ ಬಾಯಿ ಮುಚ್ಚಿಸ್ತಿದ್ದ. ಅವರು ಮೂವರೂ ಅಡ್ಡ ನಿಂತಿದ್ದರು. ನೀನು ಅವರನ್ನ ಕಳಿಸಿಬಿಟ್ಟೆ.'

"ಇನ್ನೇನು ಹೇಳಲಿ? ಅರವತ್ತೆರಡು ವರ್ಷದಿಂದ ಆ ಮಾತನ್ನೇ ಮೆಲುಕು ಹಾಕ್ತಿದ್ದೀನಿ. ಆ ಮರಕ್ಕೆ ಒಬ್ಬ ಬೇಕು. ಜಾಗ ಖಾಲಿಯಾದ ದಿನ, ಆ ಹೆಸರಿನವನು ಯಾರು ಮೊದಲು ಉತ್ತರ ಕೊಡ್ತಾನೋ ಅವನು ಅದರ ಆಳು. ಇಷ್ಟೇ ಅದರ ಲೆಕ್ಕ.

"ಮುಂದಿನ ವರ್ಷ ಹೆಸರು ಕೂಗಿದಾಗ ಮರದ ಹಿಂದಿನಿಂದ ವಿಲ್ಫ್ ಉತ್ತರ ಕೊಟ್ಟ. ಅವನನ್ನ 'ವಿಲ್ಫ್ರೆಡ್ ಲಂಬ್' ಅಂತ ಕರೆದು ಅವತ್ತೇ ಕಳಿಸಿಬಿಡ್ತಿದ್ದೆ. ರೂತ್ ಬಿಡಲಿಲ್ಲ. 'ವರ್ಷಕ್ಕೊಂದು ಸಲ ಅವನ ದನಿ ಕೇಳ್ತೀನಿ, ಅದನ್ನೂ ಕಿತ್ತುಕೋಬೇಡ' ಅಂದಳು. ಮತ್ತೆ ಮದುವೆ ಆಗಲಿಲ್ಲ. ಮಗಳನ್ನ ಬೆಳೆಸಿ ನ್ಯೂಜಿಲೆಂಡಿಗೆ ಕಳಿಸಿದಳು. ಈ ನಡಿಗೆ ದಿನ ತಲೆ ಬಾಚಿ, ಒಳ್ಳೇ ಕೋಟು ಹಾಕಿ, ಮರದ ಹತ್ತಿರ ಬಂದು ನಿಲ್ಲೋಳು. ನಾನು ಕೂಗೋದು, ಅವನು ಹೇಳೋದು, ಅವಳು ಕೇಳಿಸಿಕೊಂಡು ಮನೆಗೆ ಹೋಗೋದು. ಐವತ್ಮೂರು ವರ್ಷ ಹೀಗೆ. ಊರವರು ಗುಡ್ಡದ ಪ್ರತಿಧ್ವನಿ ಅಂತ ಸಮಾಧಾನ ಮಾಡಿಕೊಂಡರು. ನನಗೆ ಮಾತ್ರ ಗೊತ್ತು, ವರ್ಷ ವರ್ಷ ಅವನ ದನಿ ಸೋತು ಹೋಗ್ತಿತ್ತು. ಅವಳಿಗೂ ಗೊತ್ತಾಗಿರಬೇಕು. ಸಾಯೋ ಮುಂಚೆ ಆಸ್ಪತ್ರೇಲಿ ನನ್ನ ಕೈ ಹಿಡಕೊಂಡು, 'ಇನ್ನು ಅವನನ್ನ ಬಿಟ್ಟುಬಿಡು ಹೆಟ್ಟಿ, ಊರಲ್ಲಿ ಆ ಹೆಸರಿನವರು ಯಾರೂ ಇಲ್ಲದ ದಿನ ನೋಡಿ ಬಿಟ್ಟುಬಿಡು' ಅಂದಳು. ಮಾತು ಕೊಟ್ಟೆ. ಅವಳೇ ಕೊನೆಯವಳಲ್ಲವಾ, ಇನ್ನೇನು, ಬರೋ ವರ್ಷ ಮುಗಿಸಿಬಿಡೋಣ ಅಂತ ಕಾದೆ. ನಡಿಗೆ ದಿನ ಬಿಟ್ಟು ಬೇರೆ ದಿನ ಕರೆದರೆ ಅಲ್ಲಿಂದ ಉತ್ತರ ಬರಲ್ಲ.

"ಬರೋ ವರ್ಷ ಯಾರು ಬಂದ? ನೀನು. ಬಸ್ಸಿಳಿದು, ಟೋಪಿ ಎತ್ತಿ, 'ನಾನು ಡೆನಿಸ್ ಕ್ರ್ಯಾಬ್‌ಟ್ರೀ, ನಮ್ಮ ಬೇರು ಹುಡುಕಿಕೊಂಡು ಬಂದೆ' ಅಂತ. ಅದರ ಮುಂದಿನ ವರ್ಷವೂ ನೀನು. ಅದರ ಮುಂದಿನ ವರ್ಷವೂ. ಒಂದು ಸಲ ಜ್ವರ ಬರಬಾರದಾ ನಿನಗೆ? ಒಂದು ಸಲ ಬಸ್ಸು ತಪ್ಪಬಾರದಾ? ನೀನು ಇಲ್ಲಿರೋವಾಗ ಅವನನ್ನ ಬಿಡೋ ಹಾಗಿಲ್ಲ, ನಿನಗೆ ಹೇಳಿದರೆ ನೀನು ನಗ್ತೀಯ, ಆ ಹೆಸರು ಕೂಗೋ ಹಾಗಿಲ್ಲ, ಅವನ ಸೋತ ದನಿಗಿಂತ ಮುಂಚೆ ನೀನೇ ಉತ್ತರ ಕೊಟ್ಟುಬಿಟ್ಟರೆ? ಬಾಯಿ ಮುಚ್ಚಿಕೊಂಡು ಮರ ದಾಟಿದೆ. ದಾಟುವಾಗ ಪ್ರತಿ ಸಲವೂ ಅಲ್ಲಿ ಅವನು ಕಾಯ್ತಿದ್ದದ್ದು ನನಗೆ ತಿಳೀತಿತ್ತು. ನನಗೆಷ್ಟು ವಯಸ್ಸು ಈಗ? ನಾನು ಹೋದರೆ ಅವನನ್ನ ಅವನ ಸ್ವಂತ ಹೆಸರಿಂದ ಕರೆಯೋರು ಯಾರಿದ್ದಾರೆ?

"ಅಷ್ಟರಲ್ಲಿ ನಿನ್ನ ಕಾಗದ ಬಂತು. ಆಪರೇಷನ್ನು, ಈ ವರ್ಷ ಬರಲ್ಲ ಅಂತ. ಅದನ್ನ ಹಿಡಕೊಂಡು ಅಡುಗೆಮನೇಲಿ ಕುಣಿದುಬಿಟ್ಟೆ ನಾನು, ಈ ಕಾಲಲ್ಲಿ."

ಮಳೆ ಕಡಿಮೆಯಾಗತೊಡಗಿತ್ತು. ಯಾರೂ ಏಳಲಿಲ್ಲ. ಫಿಲಿಪಾ ತನ್ನ ತೊಡೆಯ ಮೇಲಿದ್ದ ಹಾಜರಿ ಪಟ್ಟಿಯನ್ನೇ ನೋಡುತ್ತಿದ್ದಳು.

"ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನೊಬ್ಬಳೇ ಹತ್ತಿ ಬಂದೆ. ಮೂರು ಕಡೆ ಕೂತು ಸುಧಾರಿಸಿಕೊಂಡು ಬಂದೆ. ಮರದ ಮುಂದೆ ನಿಂತು 'ವಿಲ್ಫ್ರೆಡ್ ಲಂಬ್, ಹೋಗಪ್ಪಾ, ರೂತ್ ಕಾಯ್ತಿದ್ದಾಳೆ' ಅಂದೆ. ಎಷ್ಟು ಬೇಗ ಉತ್ತರ ಕೊಟ್ಟ ಗೊತ್ತಾ... ಇಪ್ಪತ್ತೈದು ವರ್ಷದ ಹುಡುಗನ ದನೀಲಿ. ಹೋದ. ಜಾಗ ಖಾಲಿ ಆಯ್ತು. ಇನ್ನು ಸೂರ್ಯ ಮುಳುಗೋವರೆಗೆ ಆ ಹೆಸರಿಗೆ ಯಾರೂ ಉತ್ತರ ಕೊಡದಿದ್ದರೆ ಸಾಕು, ಈ ಪೀಡೆ ನನ್ನ ಜೊತೆಗೇ ಮುಗೀತು ಅಂದ್ಕೊಂಡೆ. ಇಳಿದು ಬಂದು, ಚರ್ಚಿನ ಗೋಡೆ ಮೇಲೆ ಕೂತು, ಅರವತ್ತೆರಡು ವರ್ಷದಲ್ಲಿ ಮೊದಲನೇ ಸಲ ನೆಮ್ಮದಿಯಾಗಿ ಒಂದು ಬಟ್ಟಲು ಟೀ ಬಗ್ಗಿಸಿಕೊಂಡೆ. ಆಗ ಟ್ಯಾಕ್ಸಿ ಬಂತು."

ಡೆನಿಸ್ ನಗಲು ನೋಡಿದ. "ನಾನು ಹೇಳಿದ್ದು ಮರದ ಹತ್ತಿರ ಅಲ್ಲವಲ್ಲ ಹೆಟ್ಟಿ. ಚರ್ಚಿನ ಬಾಗಿಲಲ್ಲಿ. ಹಾಜರಿಗೆ."

"ಅದನ್ನೇ ನಾನೂ ಬೆಳಿಗ್ಗೆಯಿಂದ ನನಗೆ ಹೇಳಿಕೊಳ್ತಾ ಇದ್ದೀನಿ. ಆರು ಗುರುತು ಹೇಳಿಕೊಂಡು ಬಂದೆ. ಮರದ ಹತ್ತಿರ ಅಲ್ಲ, ಹಾಜರಿಗೆ, ತಮಾಷೆಗೆ... ಅದಕ್ಕೆ ಕಿವಿ ಅಲ್ಲಿವರೆಗೆ ಇರಲ್ಲ ಅಂತ. ಹಿಂದೆ ನಿನ್ನ ಹೆಸರಿನವರಿಗೆ ಅಡ್ಡ ನಿಲ್ಲೋರು ಇದ್ದರು. ಇವತ್ತು ಬೆಳಿಗ್ಗೆ ನಿನಗಿಂತ ಮುಂಚೆ ಉತ್ತರ ಕೊಡೋಕೆ ಅಲ್ಲಿ ಯಾರೂ ಇರಲಿಲ್ಲ, ಡೆನಿಸ್. ಇದ್ದ ಒಬ್ಬನನ್ನ ನಾನೇ ಕಳಿಸಿದ್ದೆ. ಮತ್ತೆ ನಾನೇ."

ಅವಳು ಕೋಲೂರಿ ಎದ್ದಳು. ಮಳೆ ಪೂರ್ತಿ ನಿಂತಿತ್ತು, ಹೆಂಚಿನ ಅಂಚಿನಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಗುಡ್ಡದ ಮೇಲೆ ಯಾವ ಸದ್ದೂ ಇರಲಿಲ್ಲ. ಹೆಟ್ಟಿ ಅವನ ಮುಂದೆ ಬಂದು ನಿಂತು, ಒದ್ದೆಯಾದ ಅವನ ಕಾಲರನ್ನು ಸರಿಮಾಡಿದಳು. ಅವಳು ಅವನ ಮೈ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಷ್ಟು ಹೊತ್ತೂ ನಾನು ಕತೆ ಹೇಳಿದ್ದು ನಿನ್ನನ್ನ ನೋಡ್ತಾ ಇರೋಕೆ ಕಣಪ್ಪಾ. ಒಂದು ಮಾತು ನಿಜ ಹೇಳು. ಆಗಿನಿಂದ ಐದು ಸಲ ಬಾಗಿಲ ಕಡೆ ತಿರುಗಿದೆ ನೀನು. ನಮಗ್ಯಾರಿಗೂ ಏನೂ ಕೇಳಿಸ್ತಿಲ್ಲ... ನಿನ್ನನ್ನ ಯಾರು ಕರೀತಿದ್ದಾರೆ?"